ಬೆವರುವ ಬೂದಿ

ಹೊಸ ಎಣಿಕೆ ೧೪೩, ಹದಿಮೂರನೆಯ ತಿಂಗಳ ಐದನೆಯ ದಿನ
ತುಂಗಭದ್ರೆಯ ಎಡದಂಡೆ

ನಮ್ಮ ಬಾಯ್ಲರಿನ ನಕ್ಷೆ ಬರೆದ ಹಿರಿಯರಿಗೆ,

ನಿಮಗಿಂತ ಎಷ್ಟೋ ತಲೆಮಾರು ಆಚೆಯಿಂದ ಬರೆಯುತ್ತಿದ್ದೇನೆ, ನಮ್ಮ ಹದಿಮೂರನೆಯ ತಿಂಗಳು ನಿಮಗೆ ಬರೆಯುವಾಗಿನ ತಪ್ಪಿನಂತೆ ಕಂಡೀತು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಹುಲಿಗೆವ್ವ, ಈ ಊರಿನ ಉರಿಯೊಡತಿ, ಅಂದರೆ ಬಾಯ್ಲರಿನ ಹೊಣೆ ಹೊತ್ತವಳು. ನಿಮ್ಮ ನಕ್ಷೆ ನೋಡಿ ನಮ್ಮ ಅಜ್ಜಿಯರು ಇದನ್ನು ಕಟ್ಟಿದರು. ಹತ್ತಿಕಡ್ಡಿ, ಮೆಣಸಿನಗಿಡದ ಕಡ್ಡಿ ಉರಿಸುತ್ತೇವೆ. ಊರಿನ ದೀಪ, ಹೆರಿಗೆಮನೆಯ ಬಿಸಿನೀರು ಎಲ್ಲವೂ ಇದರಿಂದಲೇ.

ಹೊರಹೋಗುವ ಹೊಗೆಯ ಬಿಸಿಯನ್ನೂ ನಾವು ಬಿಡುವುದಿಲ್ಲ. ಅದಕ್ಕೆ ಹೊಗೆಪಾಲು ಎನ್ನುತ್ತೇವೆ. ಹೊಗೆ ತಣ್ಣೀರಿನ ಕೊಳವೆಗಳನ್ನು ಹಾದು ಚಿಮಣಿಗೆ ಹೋಗುತ್ತದೆ, ಬೆಚ್ಚಗಾದ ನೀರು ಬಾಯ್ಲರಿಗೆ ಸೇರುತ್ತದೆ, ಅಷ್ಟು ಕಡ್ಡಿ ಉಳಿಯುತ್ತದೆ. ಊರು ನೆಲೆಗೊಂಡ ದಿನದ ಹಬ್ಬದಲ್ಲಿ ಉರಿಯೊಡತಿ ಎಲ್ಲರೆದುರು ಚಿಮಣಿಯ ಮೇಲೆ ಅಂಗೈ ಇಟ್ಟು ಹತ್ತು ಎಣಿಸಬೇಕು. ಕೈ ಸುಟ್ಟರೆ ಬಿಸಿ ಪೋಲಾಯಿತೆಂದು ದುಂದುಗಾರ್ತಿ ಎಂಬ ಹೆಸರು. ಹೋದ ವರ್ಷ ನಾನು ಮೂವತ್ತು ಎಣಿಸಿದೆ. ಆ ಚಪ್ಪಾಳೆಗೆ ಉಬ್ಬಿ ಇನ್ನಷ್ಟು ತಣ್ಣೀರು ಹಾಯಿಸಿದೆ. ಅತಿ ಆಸೆ ಗತಿಗೇಡು ಎಂಬುದು ನನಗೆ ಗೊತ್ತಿಲ್ಲದ ಗಾದೆಯೇನಲ್ಲ.

ಉರಿ ನಡೆಯುತ್ತಿರುವಾಗಲೇ ಕಿಂಡಿಯ ಮುಂದೆ ನಿಂತು ಆ ಕೊಳವೆಗಳ ಬೂದಿ ಕೆರೆಯುವವಳು ನನ್ನ ತಂಗಿ ದುರಗವ್ವ. ಇಪ್ಪತ್ತು ದಿನದ ಹಿಂದೆ ಬಂದು, “ಅಕ್ಕಾ, ಬೂದಿ ಬೆವರಾಕತ್ತೈತಿ. ಕಬ್ಬಿಣ ಹಪ್ಪಳದಂಗ ಉದುರತೈತಿ” ಅಂದಳು. ಈ ವರ್ಷದ ಹಬ್ಬ ಮುಗಿಯಲಿ ಎಂದೆ. ನಿನ್ನೆ ನಾನೇ ನೋಡಿದೆ. ಬೂದಿಯ ಉಪ್ಪು ತಣ್ಣನೆಯ ಕೊಳವೆಗೆ ಅಂಟಿ, ಹೊಗೆಯ ತೇವ ಹೀರಿ, ಕಬ್ಬಿಣವನ್ನು ತಿಂದುಬಿಟ್ಟಿದೆ. ಕೊಳವೆ ಒಡೆದರೆ ಬಾಯ್ಲರಿನ ಕುದಿನೀರು ಹಿಂದಕ್ಕೆ ನುಗ್ಗಿ ಅವಳ ಮೇಲೆ ಬೀಳುತ್ತದೆ.

ಉರಿ ಆರಿಸಲು ಪಂಚರ ಒಪ್ಪಿಗೆ ಬೇಕು. ಹಬ್ಬ ಮುಗಿಯಲಿ ಎಂದು ಅವರೂ ನನ್ನ ಮಾತನ್ನೇ ನನಗೆ ಹೇಳಿದರು. ನೀನಾದರೂ ಸರಿದು ನಿಲ್ಲು ಎಂದು ದುರಗವ್ವನ ಕೈ ಹಿಡಿದೆ. “ನಾ ಬಿಟ್ರ ಹೊಗಿ ಕಟ್ಟತೈತಿ, ದೀಪ ಆರತಾವ. ಹೆರಿಗಿಮನ್ಯಾಗ ಹಡಿಯಾಕ ಬಂದಾರ, ಅಕ್ಕಾ” ಅಂದಳು. ಈಗಲೂ ಅವಳ ಸಲಾಕೆಯ ಸದ್ದು ಕೇಳುತ್ತಿದೆ. ಅದು ನಿಂತಾಗಲೆಲ್ಲ ಬರೆಯುವುದನ್ನು ಬಿಟ್ಟು ಕಿವಿಗೊಡುತ್ತೇನೆ.

ಹೊಗೆಯನ್ನು ನೂರೈವತ್ತು ಡಿಗ್ರಿಗಿಂತ ಕೆಳಗಿಳಿಸಬಾರದು ಎಂದು ನಿಮ್ಮ ನಕ್ಷೆಯಲ್ಲಿ ಒಂದು ಸಾಲಿತ್ತು. ಉಳ್ಳವರ ದುಂದು ಎಂದು ನಮ್ಮ ಅಜ್ಜಿಯರು ಅದನ್ನು ಹೊಡೆದುಹಾಕಿದರು. ನನಗೆ ಅವರ ಮೇಲೆ ಸಿಟ್ಟಿದೆ, ನಿಮ್ಮ ಮೇಲೂ ಇದೆ. ಬರೀ ಅಂಕಿ ಬರೆದು ಏಕೆ ಕೈತೊಳೆದುಕೊಂಡಿರಿ? ನಕ್ಷೆ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಕೈಮುಗಿಯುತ್ತೇನೆ, ಆ ಸಾಲಿನ ಕೆಳಗೆ ಕಾರಣವನ್ನೂ ಬರೆಯಿರಿ: ಹೊಗೆ ತಣಿದರೆ ಕೊಳವೆ ಕೊಳೆಯುತ್ತದೆ, ಅದರ ಮುಂದೆ ಯಾರದೋ ತಂಗಿ ನಿಂತಿರುತ್ತಾಳೆ.

ಹುಲಿಗೆವ್ವ