ಚಿಕ್ಕಮಾರಮ್ಮನವರಿಗೆ ಕೊಟ್ಟ ಕಾಫಿ

೧೫ ಫೆಬ್ರವರಿ ೨೦೨೫, ಶನಿವಾರ, ತುಮಕೂರು

ಇವತ್ತು ಬೆಳಿಗ್ಗೆ ಕಾಲೇಜಿನ ವೇದಿಕೆಯ ಮೇಲೆ, ಎಲ್ಲರ ಎದುರಿಗೇ, ಚಿಕ್ಕಮಾರಮ್ಮನವರಿಗೆ ಅವಮಾನ ಮಾಡಿದರು. ಅಲ್ಲೇ ಓದುತ್ತಿದ್ದು ಹೋದ ವರ್ಷ ಜ್ವರದಲ್ಲಿ ತೀರಿಹೋದ ಅವರ ಮಗಳು ಕೋಮಲಾಳ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವ ಸಮಾರಂಭವದು. ಕುಣಿಗಲ್ ಕಡೆಯ ತನ್ನೂರಿನ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದನ್ನು ಬಾಗಿಲಲ್ಲೇ ಧರಣಿ ಕೂತು ತೆಗೆಸಿದ ಹುಡುಗಿ ಅವಳು. ಭಾಷಣಗಳಲ್ಲಿ ಸಾಮಾಜಿಕ ನ್ಯಾಯ ಧಾರಾಳವಾಗಿ ಹರಿಯಿತು. ನಡುವೆ ಕಾಫಿ ಬಂತು. ಗಣ್ಯರಿಗೆಲ್ಲ ಪಿಂಗಾಣಿ ಕಪ್ಪು. ಆ ತಾಯಿಗೊಬ್ಬರಿಗೆ ಕುಡಿದು ಬಿಸಾಡುವ ಕಾಗದದ ಲೋಟ.

ನಾನು ಸಭೆಯಲ್ಲಿ ಎದ್ದು ನಿಂತೆ. ಚಿಕ್ಕಮಾರಮ್ಮನವರೇ ಕೈಸನ್ನೆ ಮಾಡಿ ಕೂರಿಸಿದರು.

ಆಮೇಲೆ ಬಸ್‌ಸ್ಟಾಂಡಿನಲ್ಲಿ ಹೇಳಿದರು: "ಸುಮ್ಕಿರಿ ಸಾ. ನೀವು ಕೂಗಾಡುದ್ರೆ ಮುಂದಿನ್ ವರ್ಷ ಸ್ಕಾಲರ್‌ಶಿಪ್ಪೇ ನಿಲ್ಸ್‌ಬುಡ್ತಾರೆ. ಯಾವ್ದೋ ಬಡ್ಮಗೀಗೆ ತಪ್ಪೋಯ್ತದೆ."

"ಅದಕ್ಕೆ ಕುಡಿದುಬಿಟ್ರಾ?"

"ಕುಡ್ದೆ. ನನ್ ಮಗ್ಳಾಗಿದ್ರೆ ಅವ್ರ ಮಕಕ್ಕೇ ಎರಚೋಳು," ಎಂದು ನಕ್ಕರು. ಆ ನಗು ಇನ್ನೂ ಎದೆಯಿಂದ ಇಳಿದಿಲ್ಲ.

ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಯನ್ನು ಕೇಳಿದ್ದಕ್ಕೆ, "ಕಪ್ಪು ಕಮ್ಮಿ ಬಿತ್ತು, ಅಷ್ಟೇ ಕಣ್ರೀ. ಎಲ್ಲದ್ರಲ್ಲೂ ಜಾತಿ ಹುಡುಕ್ತೀರಲ್ಲ!" ಎಂದರು. ನನ್ನ ಬಾಲ್ಯದಲ್ಲಿ ಗುಬ್ಬಿಯ ಹೋಟೆಲೊಂದರಲ್ಲಿ, ಹಿತ್ತಲಲ್ಲಿ ಕೂತ ದಲಿತರಿಗೆ ತೆಂಗಿನ ಚಿಪ್ಪಿನಲ್ಲಿ ಟೀ ಕಳಿಸುತ್ತಿದ್ದ ಯಜಮಾನನೂ ಲೋಟ ಕಮ್ಮಿ ಇದೆ ಎಂದೇ ಹೇಳುತ್ತಿದ್ದ. ಐವತ್ತು ವರ್ಷ ಏನೇನೋ ಓದಿದೆ, ಬರೆದೆ, ಮೆರವಣಿಗೆಗಳಲ್ಲಿ ನಡೆದೆ. ಸಬೂಬು ಕೂಡ ಬದಲಾಗಿಲ್ಲ. ಇನ್ನು ಬದಲಾದೀತೆಂಬ ನಂಬಿಕೆ ನನಗಿಲ್ಲ.

ಆದರೂ ಕೇಳುತ್ತೇನೆ. ಕಮ್ಮಿ ಬೀಳುವುದು ಪ್ರತಿ ಸಲವೂ ಇವರ ಪಾಲಿಗೇ ಯಾಕೆ? ಆಡಳಿತ ಮಂಡಳಿ ಅದೇ ವೇದಿಕೆ ಹತ್ತಿ, ಅದೇ ಮಕ್ಕಳ ಮುಂದೆ, ಮೈಕಿನಲ್ಲಿ ಉತ್ತರ ಹೇಳಲಿ.