ಅಪ್ಪನ ‘ನೋಡೋಣ’

ಏಪ್ರಿಲ್ ೧೨, ಭಾನುವಾರ

ಪ್ರೀತಿಯ ಯಾಕಮ್ಮನಿಗೆ,

ನಿನ್ನ ಮೇಷ್ಟ್ರ ಆಶೀರ್ವಾದಗಳು. ಹಾಸ್ಟೆಲಿನಿಂದ ನೀನು ಬರೆದ ಪತ್ರ ಕೈಸೇರಿ ಎರಡು ವಾರಕ್ಕೂ ಮೇಲಾಯಿತು. ತಡವಾದುದಕ್ಕೆ ಕ್ಷಮೆಯಿರಲಿ. ಕಾಯಿಲೆ ಕಸಾಲೆ ಏನೂ ಇಲ್ಲ. ನೀನು ಕೇಳಿದ್ದಕ್ಕೆ ಕುಳಿತಲ್ಲಿಂದಲೇ ಉತ್ತರ ಬರೆಯಲು ಧೈರ್ಯವಾಗಲಿಲ್ಲ. ನಾಲ್ಕು ಕಡೆ ವಿಚಾರಿಸಿದೆ. ನಿನ್ನ ಪರೀಕ್ಷೆ ಮುಗಿಯಲಿ ಎಂದೂ ಕಾದೆ. ನಿವೃತ್ತನಾದ ಮೇಲೂ ನಿನ್ನ ನಿಜವಾದ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲ, ನೋಡು. ಬ್ಯಾಲೆನ್ಸ್ ಶೀಟಿನ ಎರಡೂ ಬದಿ ತಾಳೆಯಾದ ಮೇಲೂ ಎದ್ದು ನಿಂತು ‘ಯಾಕೆ ಸರ್?’ ಎನ್ನುತ್ತಿದ್ದ ಹುಡುಗಿಗೆ ನಮ್ಮ ಸ್ಟಾಫ್ ರೂಮು ಇಟ್ಟ ಹೆಸರೇ ನನ್ನ ಪಾಲಿಗೆ ಉಳಿದುಬಿಟ್ಟಿದೆ.

ಮೊದಲು ಸುಲಭದ ವಿಷಯ. ಬಿಸಿನೆಸ್ ಪದವಿಗೆಂದು ಹೊರದೇಶದ ಎರಡು ವಿಶ್ವವಿದ್ಯಾಲಯಗಳು ನಿನಗೆ ಸೀಟು ಕೊಟ್ಟಿವೆ. ಈ ತಿಂಗಳ ಕೊನೆಯೊಳಗೆ ಯಾವುದಕ್ಕಾದರೂ ಹೂಂ ಅನ್ನಬೇಕು. ದೊಡ್ಡ ಹೆಸರಿನದರಲ್ಲಿ ಓದಿ ಬಂದ ನಮ್ಮ ಉದ್ದಣ್ಣನಿಗೆ ಫೋನ್ ಮಾಡಿದೆ. ನಿನಗಿಂತ ನಾಲ್ಕು ವರ್ಷ ಹಿರಿಯ, ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುತ್ತಿದ್ದನಲ್ಲ, ಅವನೇ. ‘ಹೆಸರು ದೊಡ್ಡದೇ ಸರ್, ಸುಳ್ಳಲ್ಲ. ಆದ್ರೆ ಮೊದಲನೇ ವರ್ಷ ಒಂದೇ ಹಾಲ್‌ನಲ್ಲಿ ನಾನೂರು ಜನ. ಹಿಂದಿನ ಬೆಂಚಿಂದ ಪ್ರೊಫೆಸರ್ ಇರುವೆ ಥರ ಕಾಣ್ತಾರೆ. ನಮ್ಮ ಯಾಕಮ್ಮ ಅಲ್ಲಿ ಕೈ ಎತ್ತಿದ್ರೆ, ಪದವಿ ಮುಗಿಯೋ ತನಕ ಎತ್ತಿಕೊಂಡೇ ಇರಬೇಕು,’ ಎಂದ.

ಇನ್ನೊಂದರ ಹೆಸರು ನಾಲ್ಕು ಜನರಿಗೂ ಗೊತ್ತಿಲ್ಲ, ಊರೂ ಚಿಕ್ಕದು. ಆದರೆ ತರಗತಿಗೆ ಮೂವತ್ತೇ ಮಂದಿ. ಮೂರನೆಯ ವರ್ಷವಿಡೀ ಒಂದು ಕಂಪನಿಯಲ್ಲಿ ದುಡಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕಪತ್ರವೋ ಮಾರುಕಟ್ಟೆಯೋ ಎಂಬುದನ್ನು ಎರಡನೆಯ ವರ್ಷದ ಕೊನೆಗೆ ಹೇಳಿದರೆ ಸಾಕು. ನೀನು ಲೆಕ್ಕಪತ್ರ ಎಂದು ಹೋಗಿ ಮಾರುಕಟ್ಟೆಯ ಕಡೆಗೆ ವಾಲುವವಳು ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಆದ್ದರಿಂದ ನನ್ನ ಮತ ಚಿಕ್ಕ ಊರಿಗೆ. ಖರ್ಚಿನ ಮಾತನ್ನು ನಿನ್ನ ತಾಯಿ ಮತ್ತು ಚಿಕ್ಕಪ್ಪ ಆಗಲೇ ಮುಗಿಸಿದ್ದಾರೆ. ಅದನ್ನು ನೀನು ತಲೆಗೆ ಹಚ್ಚಿಕೊಳ್ಳಬೇಡ.

ಆದರೆ ನೀನು ಎರಡಕ್ಕೂ ಬೇಡ ಎನ್ನಲು ಹೊರಟಿದ್ದೀಯ. ‘ಹೋಗ್ಲಾ ಅಂತ ಅಪ್ಪನ್ನ ಕೇಳಿದೆ ಸರ್, ನೋಡೋಣ ಅಂದ್ರು. ನಮ್ಮನೇಲಿ ಅದರ ಅರ್ಥ ನಿಮಗೂ ಗೊತ್ತಲ್ಲ. ಪರೀಕ್ಷೆ ಮುಗಿಸಿ ಬಂದು ಅಂಗಡೀಲೇ ಕೂರ್ತೀನಿ’ ಎಂದು ಬರೆದಿದ್ದೀಯ. 

ಮೊನ್ನೆ ಕನ್ನಡಕದ ಕಾಲು ಸಡಿಲವಾಗಿದೆ ಎಂಬ ನೆಪ ಮಾಡಿಕೊಂಡು ನಿಮ್ಮ ಅಂಗಡಿಗೆ ಹೋದೆ. ಗಾಜಿನ ಮೇಜಿನ ಹಿಂದೆ ನಿನ್ನ ತಾಯಿ ಭೂತಗನ್ನಡಿ ಹಿಡಿದು, ಸಾಸಿವೆಯಷ್ಟು ಸಣ್ಣ ತಿರುಪನ್ನು ಕೂರಿಸುತ್ತಿದ್ದರು. ಕಣ್ಣು ಪರೀಕ್ಷೆಯ ಅಕ್ಷರಫಲಕದ ಪಕ್ಕದಲ್ಲಿ ನಿನ್ನ ತಂದೆ. ಶುಭ್ರವಾದ ಅಂಗಿ, ಬಲಗೈ ಮಡಿಲಲ್ಲಿ. ಪಾರ್ಶ್ವವಾಯು ಬಡಿದಾಗಿನಿಂದ ಅವರ ಬಾಯಲ್ಲಿ ಉಳಿದಿರುವುದು ಆ ಒಂದೇ ಮಾತು ಎಂಬುದು ನಿನಗೆ ಗೊತ್ತು. ‘ಬೆಳಗ್ಗೆಯಿಂದ ನೂರು ಸಲ ಆಯ್ತು ಮೇಷ್ಟ್ರೇ. ತಿಂಡಿ ತಿಂತೀರಾ ಅಂದ್ರೂ ನೋಡೋಣ, ಫ್ಯಾನ್ ಹಾಕ್ಲಾ ಅಂದ್ರೂ ನೋಡೋಣ,’ ಎಂದರು ನಿನ್ನ ತಾಯಿ. ‘ಮದುವೆ ಆದಾಗಿಂದ ನಾನು ಏನು ಕೇಳಿದ್ರೂ ಅದನ್ನೇ ಅಂತಿದ್ದಿದ್ದು. ನನಗಂತೂ ಏನೂ ವ್ಯತ್ಯಾಸ ಆಗಿಲ್ಲ ಬಿಡಿ.’ ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಒಬ್ಬ ಬಸ್ ಡ್ರೈವರ್ ಬಂದು, ರಾತ್ರಿ ಎದುರಿನ ಗಾಡಿಯ ದೀಪ ಒಡೆದು ಹರಡಿದಂತೆ ಕಾಣುತ್ತದೆ ಎಂದ. ನಿನ್ನ ತಂದೆ ‘ನೋಡೋಣ’ ಎಂದರು. ಹೇಳುತ್ತಲೇ ಅವರ ಎಡಗೈ ಫಲಕದ ದೀಪದ ಸ್ವಿಚ್ಚಿಗೆ ಹೋಯಿತು. ಆಗ ನನಗೆ ಹೊಳೆಯಿತು. ನಿನ್ನ ತಂದೆಗೆ ಇದ್ದದ್ದು ಒಂದು ‘ನೋಡೋಣ’ ಅಲ್ಲ ಮಗು, ಎರಡು. ನೀನು ಸೈಕಲ್ ಕೇಳಿದಾಗ, ಗೆಳತಿಯರ ಜೊತೆ ಪ್ರವಾಸ ಕೇಳಿದಾಗ ಹೇಳುತ್ತಿದ್ದದ್ದು ಮನೆಯ ‘ನೋಡೋಣ’. ನಿಷ್ಠುರವಾಗದೆ ಬೇಡ ಅನ್ನುವುದು ಅದು. ಅಂಗಡಿಯದು ಬೇರೆ. ಕಣ್ಣು ಮಂಜು ಎಂದು ಅಂಜಿಕೊಂಡು ಬಂದವರನ್ನು ಕೂರಿಸಿ, ದೀಪ ಹಾಕುತ್ತ ಅದನ್ನು ಹೇಳುತ್ತಿದ್ದರು. ಅಲ್ಲಿ ಅದರ ಅರ್ಥ ಹೆದರಬೇಡಿ, ಶುರು ಮಾಡುವ ಎಂದು. ನನ್ನ ಕಣ್ಣಿಗೆ ಇಪ್ಪತ್ತು ವರ್ಷದಿಂದ ಅವರದೇ ಕನ್ನಡಕ. ಆ ದನಿ ನನಗೆ ತಪ್ಪುವುದಿಲ್ಲ.

ಡ್ರೈವರ್ ಹೋದ ಮೇಲೆ ನಾನು ಅವರ ಬಳಿ ಸರಿದು, ‘ಸ್ವಾಮಿ, ಮಗಳನ್ನ ಓದೋಕೆ ಹೊರದೇಶಕ್ಕೆ ಕಳಿಸೋಣ್ವಾ?’ ಎಂದೆ.

‘ನೋಡೋಣ,’ ಎಂದರು. ಅದೇ ಅಂಗಡಿಯ ದನಿ. ಕೈ ಕೂಡ ಸ್ವಿಚ್ಚಿನ ಕಡೆಗೇ ಹೋಯಿತು.

ನೀನು ಮನೆಯಲ್ಲಿ, ಹಾಸಿಗೆಯ ಪಕ್ಕ ಕುಳಿತು, ಮಗಳಾಗಿ ಕೇಳಿದೆ. ಆದ್ದರಿಂದ ನಿನಗೆ ಮನೆಯ ಮಾತು ಕೇಳಿಸಿತು. ನನಗೆ ಕೇಳಿಸಿದ್ದು ಅಂಗಡಿಯ ಮಾತು; ನನ್ನ ಮಟ್ಟಿಗೆ ಅದು ಒಪ್ಪಿಗೆ. ಅಂಗಡಿಯಲ್ಲಿ ಕೂರುವುದು ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಹೋಗಲು ಹೆದರಿ ಅಲ್ಲಿ ಕೂರಬೇಡ. ನಿನ್ನ ತಾಯಿಯ ಮಾತನ್ನೂ ಕೇಳು: ‘ಅವಳು ಬಂದು ಕೂತ್ರೆ ಗಿರಾಕಿಗಳು ಓಡಿ ಹೋಗ್ತಾರೆ. ಈ ಫ್ರೇಮೇ ಯಾಕೆ, ಆ ಫ್ರೇಮ್ ಯಾಕೆ ಬೇಡ ಅಂತ ಜೀವ ತಿಂತಾಳೆ.’ ಹಾಗೆಂದವರು ಮುಖ ತಿರುಗಿಸಿಕೊಂಡು, ಆಗಷ್ಟೇ ಒರೆಸಿದ್ದ ಗಾಜನ್ನು ಮತ್ತೆ ಒರೆಸತೊಡಗಿದರು.

ನಿನಗೆ ಒಳ್ಳೆಯದಾಗಲಿ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು, ತಿಳಿಯದ್ದನ್ನು ನಾಚದೆ ಕೇಳು, ನಿನಗಿಂತ ಹಿಂದುಳಿದವರಿಗೆ ಹೇಳಿಕೊಡು. ನೂರು ಕಾಲ ಬಾಳು.

ಸದಾ ನಿನ್ನ ಏಳಿಗೆಯನ್ನೇ ಬಯಸುವ,
ನಿನ್ನ ಮೇಷ್ಟ್ರು

ಮರೆತಿದ್ದಲ್ಲ, ಬರೆಯಬಾರದೆಂದುಕೊಂಡಿದ್ದ ಮಾತು: ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಲು ಕುಳಿತವನಿಗೆ ಕೈ ಬರಲಿಲ್ಲ. ನೀನು ಹಾಸ್ಟೆಲಿಗೆ ಮರಳಿದ ಮೇಲೆ ನಿನ್ನ ತಂದೆಗೆ ಪಾರ್ಶ್ವವಾಯುವಿನ ಇನ್ನೊಂದು ಸಣ್ಣ ಆಘಾತವಾಯಿತಂತೆ. ಪರೀಕ್ಷೆಯ ಹೊತ್ತಿಗೆ ನಿನಗೆ ತಿಳಿಸುವುದು ಬೇಡವೆಂದು ತಾಯಿ ಸುಮ್ಮನಿದ್ದರು. ಮೊನ್ನೆ ಹೊರಡುವ ಮುನ್ನ, ಬಹುಮಾನ ವಿತರಣೆಯ ದಿನ ತೆಗೆದ ನಿನ್ನ ಫೋಟೋವನ್ನು ನಿನ್ನ ತಂದೆಗೆ ತೋರಿಸಿದೆ. ನನ್ನ ಫೋನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಡ್ರಾಯರ್ ತೆರೆದು, ಕಣ್ಣುಗಳ ನಡುವಿನ ಅಂತರ ಅಳೆಯುವ ಪುಟ್ಟ ಸ್ಕೇಲು ತೆಗೆದು, ನಿನ್ನ ಎರಡು ಕಣ್ಣಿಗೆ ಅಡ್ಡವಾಗಿ ಇಟ್ಟರು. ಅಳೆದಾದ ಮೇಲೆ ಆ ಫೋಟೋ ನೋಡಿ, ಹೊಸ ಗಿರಾಕಿಗೆ ನಗುವಂತೆ ಮರ್ಯಾದೆಯಿಂದ ನಕ್ಕು, ಎದುರಿನ ಖಾಲಿ ಕುರ್ಚಿಯನ್ನು ಕೈಯಿಂದ ತೋರಿಸಿದರು. ‘ಅವಳ ಕನ್ನಡಕಕ್ಕೆ ಯಾವಾಗ್ಲೂ ಇವರೇ ಅಳತೆ ತಗೋತಿದ್ರಲ್ಲ ಮೇಷ್ಟ್ರೇ, ಅದಕ್ಕೇ,’ ಎಂದರು ನಿನ್ನ ತಾಯಿ. ನಾನು ಹೌದೆಂದೆ.

ಹಾಗಾದರೆ ನಾನು ಕೇಳಿಸಿಕೊಂಡ ಒಪ್ಪಿಗೆ ನಿನಗೆ ಕೊಟ್ಟದ್ದೋ, ಯಾರೋ ಗಿರಾಕಿಗೆ ಹೇಳಿದ್ದೋ, ನನಗೆ ತಿಳಿಯದು. ಇಷ್ಟಾದರೂ ಹೋಗು ಎಂದೇ ಬರೆಯುತ್ತೇನೆ. ಮೊದಲು ಊರಿಗೆ ಬಾ. ಅವರು ಆ ಕುರ್ಚಿಯನ್ನು ನಿನಗೂ ತೋರಿಸಿಯಾರು. ಸುಮ್ಮನೆ ಕೂತುಕೋ, ಮಗು.