ಬಿಜಾಗರಿಗೆ ಎರಡು ಹನಿ ಎಣ್ಣೆ

9 ಜೂನ್ 2025, ಸೋಮವಾರ. ಬೆಳಿಗ್ಗೆ 6

ವಾಕಿಂಗ್ ಮುಗಿಯಿತು. ಎರಡನೇ ಚಹಾ. ಪಕ್ಕದ ಶೆಡ್ಡಿನಲ್ಲಿ ಒಂದು ಮಗ್ಗ ಲಯ ತಪ್ಪಿ ಬಡಿಯುತ್ತಿದೆ, ಯಾರಿಗೂ ಕಿವಿ ಇಲ್ಲ. ನಾನು ರಿಟೈರ್ ಆದಮೇಲೆ ಇಚಲಕರಂಜಿಯಲ್ಲಿ ಮಗ್ಗ ರಿಪೇರಿಗೆ ಒಬ್ಬ ನೆಟ್ಟಗಿನ ಜಾಬರ್ ಉಳಿದಿಲ್ಲ.

ಇವತ್ತು ಸೊಸೆ ಪೂನಮಳ ಜೊತೆ ಕೊಲ್ಹಾಪುರಕ್ಕೆ. ಅವಳ ಲ್ಯಾಪ್‌ಟಾಪ್ ಕೆಟ್ಟಿದೆ. ಮೊದಲು ಸ್ಕ್ರೀನಿನ ಕೆಳಗೆ ಹಳದಿ ಕಲೆ, ಮೂರು ದಿನದಲ್ಲಿ ಪೂರ್ತಿ ಕತ್ತಲೆ. ಟವೆಲ್ಲು, ಧೋತರದ ಅಂಚಿನ ಡಿಸೈನು ಅದರಲ್ಲೇ ಮಾಡುತ್ತಾಳೆ. ಶುರು ಮಾಡಿ ಆರು ತಿಂಗಳು. ಮಗ ಸೂರಜನಿಗೆ ಅದು ಮೊದಲಿನಿಂದಲೂ ಅಷ್ಟಕ್ಕಷ್ಟೇ. ರಿಪೇರಿ ಆಗದಿದ್ದರೆ ಕೆಲಸವೇ ಸಾಕು ಎನ್ನುತ್ತಿದ್ದಾನೆ.

ಎಲ್ಲಾದರೂ ಬರೆದಿಡಬೇಕು... ಹೋದ ಮಂಗಳವಾರ ಅವಳು ಪೇಟೆಗೆ ಹೋಗಿದ್ದಳು. ಕುತೂಹಲಕ್ಕೆ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದೆ. ಮುಚ್ಚಳ ತಿರುಗುವ ಕೀಲು, ಬಿಜಾಗರಿ, ಕುಂಯ್ ಎಂದಿತು. ಮೂವತ್ತನಾಲ್ಕು ವರ್ಷ ಮಗ್ಗ ನೋಡಿದವನು. ಕುಂಯ್ ಎನ್ನುವುದನ್ನು ಹಾಗೇ ಬಿಡಲು ನನ್ನಿಂದ ಆಗುವುದಿಲ್ಲ. ಮಗ್ಗದ ಎಣ್ಣೆ, ಎರಡು ಹನಿ. ಸದ್ದು ನಿಂತಿತು. ಖುಷಿಯೂ ಆಯಿತು.

ಈ ಮನೆಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ಮಗ, ಸೊಸೆ ಇಬ್ಬರೂ ಮರಾಠಿ ಶಾಲೆಯವರು. ಇಲ್ಲಿ ಬರೆದರೆ ಭಯವಿಲ್ಲ.

ಅದೇ ದಿನ, ಸಂಜೆ 7

ಕಂಪನಿಗೇ ಕಳಿಸಬೇಕು ಎಂದ ಸರ್ವಿಸ್ ಸೆಂಟರಿನವನು. ಚೆನ್ನೈ. ಹತ್ತು ದಿನ. ಫಾರ್ಮ್ ತುಂಬುತ್ತಾ, ಏನಾದರೂ ಚೆಲ್ಲಿತ್ತೇ ಎಂದು ಪೂನಮಳನ್ನು ಕೇಳಿದ.

"ಪಾಣೀ, ಚಹಾ, ಕಾಹೀ ಸಾಂಡಲಂ ಹೋತಂ ಕಾ?"

"ನಾಹೀ."

ನೀರು ಕೇಳಿದ, ಚಹಾ ಕೇಳಿದ. ಎಣ್ಣೆ ಕೇಳಲಿಲ್ಲ. ನಾನು ಮೇಲಿನ ಫ್ಯಾನ್ ನೋಡುತ್ತಾ ಕೂತೆ. ಅವಳು ಸಹಿ ಮಾಡಿದಳು. ಲ್ಯಾಪ್‌ಟಾಪನ್ನು ಬಾಕ್ಸಿನಲ್ಲಿ ಇಡುವ ಮುಂಚೆ ದುಪಟ್ಟಾದಿಂದ ಒಮ್ಮೆ ಒರೆಸಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ನನಗೇ ಬಿಟ್ಟಳು.

14 ಜೂನ್, ಶನಿವಾರ

ಪೂನಮ ಗ್ರಾಫ್ ಪೇಪರಿನ ಮೇಲೆ ಕೈಯಿಂದಲೇ ಡಿಸೈನ್ ಬಿಡಿಸುತ್ತಿದ್ದಾಳೆ. ಒಂದು ಗಂಟೆಯ ಕೆಲಸಕ್ಕೆ ಮೂರು ದಿನ. ವ್ಯಾಪಾರಿ ಫೋನ್ ಮಾಡಿದರೆ ನಾಳೆ, ನಾಳೆ ಎನ್ನುತ್ತಾಳೆ.

ನಮ್ಮ ಶೆಡ್ಡಿನಲ್ಲಿ ನೇಯುತ್ತಿದ್ದ ರಾಯಪ್ಪ ನೆನಪಾಗುತ್ತಿದ್ದಾನೆ. ಶೆಡ್ಡಿನ ರೂಢಿ ಹಾಗೆ — ಬಟ್ಟೆಗೆ ಎಣ್ಣೆ ಕಲೆ ಬಿದ್ದರೆ ತಪ್ಪು ನೇಯುವವನ ಹೆಸರಿಗೆ. ಎಣ್ಣೆ ಬಿಡುವ ಜಾಬರನ್ನು ಯಾರೂ ಕೇಳುವುದಿಲ್ಲ. ಒಂದು ಸಲ ರಾಯಪ್ಪನ ಮಗ್ಗಕ್ಕೆ ಎಣ್ಣೆ ಜಾಸ್ತಿ ಬಿಟ್ಟವನು ನಾನು. ಇಡೀ ಥಾನು ಬಟ್ಟೆ ಹಾಳು. ಸೇಠ್ ಎಲ್ಲರೆದುರು ಅವನನ್ನು ಬೈದ. ನಾನು ಪಕ್ಕದಲ್ಲೇ ನಟ್ಟು ಬಿಗಿಯುವ ಪಾನಾ ಒರೆಸುತ್ತಾ ನಿಂತಿದ್ದೆ. ರಾಯಪ್ಪ ನನ್ನ ಕಡೆ ನೋಡಲೂ ಇಲ್ಲ. ರೂಢಿ ಅವನಿಗೂ ಗೊತ್ತಿತ್ತು.

19 ಜೂನ್, ಗುರುವಾರ

ಕಂಪನಿಯ ಮೇಲ್ ಬಂತು. ಸ್ಕ್ರೀನಿನ ಒಳಗೆ ಏನೋ ದ್ರವ ಇಳಿದಿದೆಯಂತೆ. ವಾರಂಟಿ ಇಲ್ಲ.

"ಚಾ ಚೆಲ್ಲೀದಿ," ಎಂದ ಸೂರಜ. "ಮ್ಯಾಲ ಚೆಲ್ಲಿಲ್ಲ ಅಂತ ಸಹಿ ಮಾಡಿ ಬಂದೀದಿ."

"ದೇವರಾಣಿ ಚೆಲ್ಲಿಲ್ರಿ."

"ಹಂಗಂದ್ರ ಕಂಪನಿಯವ್ರು ಸುಳ್ಳ ಹೇಳ್ತಾರೇನ? ಸಾಕ ಮಾಡ ಇನ್ನ. ಡಿಸೈನೂ ಬ್ಯಾಡ, ಏನೂ ಬ್ಯಾಡ."

ಪೂನಮ ನನ್ನ ಕಡೆ ತಿರುಗಿದಳು. "ಮಾವಾರ, ನೀವು ದಿನಾ ಮನ್ಯಾಗ ಇರ್ತೀರಿ. ನೀವರ ಹೇಳ್ರಿ."

"ನಾ ಏನೂ ನೋಡಿಲ್ಲವಾ."

ಹಾಗೇ ಅಂದೆ. ಬರೆಯಲು ನಾಚಿಕೆಯಾಗುತ್ತಿದೆ.

20 ಜೂನ್

ಪೂನಮ ಬೆಳಿಗ್ಗೆ ತವರಿಗೆ ಹೋದಳು. ಗಡಹಿಂಗ್ಲಜದ ಹತ್ತಿರ, ನೂಲ. ನಾಲ್ಕು ದಿನ ಎಂದಳು. ನನ್ನ ಬಿಪಿ ಗುಳಿಗೆ ವಾರಕ್ಕಾಗುವಷ್ಟು ಎಣಿಸಿಟ್ಟು ಹೋಗಿದ್ದಾಳೆ.

ಹೆಂಡತಿ ಫಕೀರವ್ವ ರೊಟ್ಟಿ ಬಡಿಯುತ್ತಾ ಅಂದಳು, "ಪೂನಮ ಸುಳ್ಳ ಹೇಳೂವಾಕಿ ಅಲ್ಲ. ನನಗ ಅದರಾಗ ಸಂಶೇನ ಇಲ್ಲ." ನಾನು ತಲೆ ತಗ್ಗಿಸಿ ಉಂಡೆ.

27 ಜೂನ್, ಶುಕ್ರವಾರ. ಮಧ್ಯಾಹ್ನ 3, ಗಡಹಿಂಗ್ಲಜ ಎಸ್‌ಟಿ ಬಸ್ ಸ್ಟ್ಯಾಂಡ್

ನಾಲ್ಕು ದಿನ ಹೋಗಿ ಎಂಟಾಯಿತು. ಸೂರಜ ಕರೆಯಲು ಹೋಗಲಿಲ್ಲ. ನಾನೇ ಬಂದೆ. ಪೂನಮಳಿಗೆ ಫೋನ್ ಮಾಡಿ ಸ್ಟ್ಯಾಂಡಿಗೇ ಕರೆಸಿದೆ. ಬೀಗರ ಮನೆಯಲ್ಲಿ ಕೂತು ಹೇಳುವ ಧೈರ್ಯ ಇರಲಿಲ್ಲ. ಕ್ಯಾಂಟೀನಿನಲ್ಲಿ ಎರಡು ಚಹಾ ಹೇಳಿದೆ.

"ಅದು ಚಾ ಅಲ್ಲವಾ. ಮಗ್ಗದ ಎಣ್ಣಿ. ಬಿಜಾಗರಿಗೆ ನಾ ಹಾಕೀನಿ."

ಕಪ್ಪು ಕೆಳಗಿಟ್ಟಳು. "ಎಷ್ಟ ಹಾಕಿದ್ರಿ?"

"ಎರಡ ಹನಿ."

"ಎರಡ ಹನಿ ಸ್ಕ್ರೀನ್ ಒಳಗ ತನಕಾ ಹೋಗೂದಿಲ್ರಿ, ಮಾವಾರ."

ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ತೆಗೆದೆ. ಆಮೇಲೆ, ತಪ್ಪಾತವಾ ಎಂದೆ.

"ನನಗ ಹೇಳಿ ಏನ್ ಆತ್ರಿ? ನಾ ಚೆಲ್ಲಿಲ್ಲ ಅನ್ನೂದು ನನಗ ಮೊದ್ಲ ಗೊತ್ತೈತಿ. ನಿಮ್ಮ ಮಗಗ ಹೇಳ್ರಿ. ನನ್ನ ಮುಂದ ಹೇಳ್ರಿ."

ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಪೇರಿ ಮಾಡಿಯೇ ಕಳಿಸಿ ಎಂದು ಕಂಪನಿಗೆ ಅವರ ಮೇಲ್ ಬಂದ ದಿನವೇ ಬರೆದಿದ್ದಾಳಂತೆ, ಸೂರಜನಿಗೆ ಹೇಳದೆ. ಕೆಲಸ ಬಿಡುವುದಿಲ್ಲವಂತೆ. ಬ್ಯಾಗು ತರಲು ನೂಲಕ್ಕೆ ಹೋಗಿದ್ದಾಳೆ. ಐದರ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಅವಳ ಚಹಾ ಹಾಗೇ ಇದೆ.

28 ಜೂನ್, ಶನಿವಾರ. ಸಂಜೆ 5.40

ನಿನ್ನೆ ನಾವು ಮುಟ್ಟುವಷ್ಟರಲ್ಲಿ ಸೂರಜ ನೈಟ್ ಶಿಫ್ಟಿಗೆ ಹೋಗಿದ್ದ. ಬೆಳಿಗ್ಗೆ ಬಂದು ಮಲಗಿದ. ಈಗ ಏಳುವ ಹೊತ್ತು. ಪೂನಮ ಅಡಿಗೆಮನೆಯಲ್ಲಿದ್ದಾಳೆ. ಸೂರಜನಿಗೆ ಹೇಳುವುದನ್ನು ಬೆಳಗಿನಿಂದ ಒಂದು ಸಲವೂ ನೆನಪು ಮಾಡಿಲ್ಲ.

ಎಣ್ಣೆಯ ಕುಪ್ಪಿ ತೆಗೆದು ಮುಂದೆ ಇಟ್ಟುಕೊಂಡಿದ್ದೇನೆ. ಅಂಗೈಯಷ್ಟು ಕುಪ್ಪಿ. ಆ ಮಂಗಳವಾರವೇ ಸೀಲು ಒಡೆದದ್ದು, ಆಮೇಲೆ ಮುಟ್ಟಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಕಾಲು ಭಾಗ ಇಲ್ಲ.

ಯಾರೂ ಓದದ ಡೈರಿ ಇದು. ಇದರಲ್ಲೂ ಎರಡು ಹನಿ ಎಂದೇ ಬರೆದಿದ್ದೇನೆ. ಎರಡು ಹನಿಗೆ ಸದ್ದು ನಿಂತಿರಲಿಲ್ಲ. ಮತ್ತೆರಡು ಹಾಕಿದೆ. ಆಗಲೂ ಕುಂಯ್. ಆಮೇಲೆ ಸಿಟ್ಟು ಬಂದು ಕುಪ್ಪಿಯನ್ನೇ ಬಗ್ಗಿಸಿದೆ. ಹೊರಗೆ ಇಳಿದದ್ದನ್ನು ಧೋತರದ ತುದಿಯಿಂದ ಒರೆಸಿ, ಮುಚ್ಚಳ ಹಾಕಿ, ಪೇಪರ್ ಓದುತ್ತಾ ಕೂತೆ.

ಸೂರಜ ಎದ್ದು ಬಂದ. "ಅಪ್ಪಾ, ಎಣ್ಣಿ ಕುಪ್ಪಿ ಹಿಡ್ಕೊಂಡ ಯಾಕ ಕುಂತೀ?"

ಪೂನಮ ಗ್ಯಾಸ್ ಬಂದ್ ಮಾಡಿ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಹಿಂದೆ ಫಕೀರವ್ವ. ರಾಯಪ್ಪ ನೋಡಿರಲಿಲ್ಲ, ಪೂನಮ ನನ್ನನ್ನೇ ನೋಡುತ್ತಿದ್ದಾಳೆ. ಎರಡು ಹನಿ ಅಲ್ಲ ಎಂಬುದರಿಂದಲೇ ಶುರು ಮಾಡುತ್ತೇನೆ.